ಮೆಶ್ ಶಸ್ತ್ರಚಿಕಿತ್ಸೆ: ಅಂತರ್ಜಾಲದ ಮಾಹಿತಿಯನ್ನು ಎಷ್ಟು ನಂಬಬಹುದು?

ಕೆಮ್ಮಿದರೆ, ಸೀನಿದರೆ, ತುಂಬಿದ ಬಿಂದಿಗೆ ಎತ್ತಿದರೆ ಮೂತ್ರ ಸೋರುವುದು ಒಂದು ತೊಂದರೆ. ಹೆರಿಗೆಗಳ ನಂತರ ಅಥವಾ ವಯಸ್ಸಾದಂತೆ ಗರ್ಭಕೋಶವೋ ಮೂತ್ರಕೋಶವೋ ಕೆಳಕ್ಕೆ ಜಾರಿ ಯೋನಿಯಲ್ಲಿ ಉಬ್ಬಿನಂತೆ ಕಾಣಿಸಿಕೊಳ್ಳುವುದು ಇನ್ನೊಂದು. ಈ ಎರಡನ್ನೂ ಮಹಿಳೆಯರು ಮನೆಯವರೆದುರು ಹೇಳಿಕೊಳ್ಳುವುದು ಅಪರೂಪ. ವೈದ್ಯರನ್ನು ಕಾಣುವ ಮೊದಲು, ಅಥವಾ ‘ಮೆಶ್ ಹಾಕಬೇಕಾಗಬಹುದು’ ಎಂದು ವೈದ್ಯರು ತಿಳಿಸಿದ ದಿನವೇ, ಯಾರಿಗೂ ಕಾಣದಂತೆ ಮೊಬೈಲ್‌ನಲ್ಲಿ ಹುಡುಕುವುದು ಈಗ ಸಾಮಾನ್ಯ. ಸಂಕೋಚದ ಕಾಯಿಲೆಗಳಿಗೆ ಅಂತರ್ಜಾಲವೇ ಮೊದಲ ಆಪ್ತ ಸಲಹೆಗಾರ.

ಹಾಗೆ ಹುಡುಕಿದವರಿಗೆ ಇಂಗ್ಲಿಷ್ ಜಾಲತಾಣಗಳಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆಯ ಉತ್ತರ. ಇದು ಅರ್ಧ ಗಂಟೆಯ ಸರಳ ಶಸ್ತ್ರಚಿಕಿತ್ಸೆ, ಬೇಗನೆ ಮನೆಗೆ ಮರಳಬಹುದು ಎನ್ನುತ್ತದೆ ಒಂದು ಪುಟ. ಅಮೆರಿಕ ಇದನ್ನು ನಿಷೇಧಿಸಿದೆ, ಸಾವಿರಾರು ಮಹಿಳೆಯರು ನೋವಿನಿಂದ ನರಳುತ್ತಿದ್ದಾರೆ ಎನ್ನುತ್ತದೆ ಮತ್ತೊಂದು. ಎರಡರಲ್ಲಿಯೂ ಸತ್ಯದ ಅಂಶವಿದೆ. ಆದರೆ ಅವು ಬಹುತೇಕ ಬೇರೆ ಬೇರೆ ಶಸ್ತ್ರಚಿಕಿತ್ಸೆಗಳ ಕುರಿತು ಮಾತನಾಡುತ್ತಿರುತ್ತವೆ ಎಂಬ ಸಂಗತಿಯನ್ನು ಓದುಗರಿಗೆ ಬಿಡಿಸಿ ಹೇಳುವ ಪುಟಗಳು ಕಡಿಮೆ. ಗೊಂದಲದ ಮೂಲ ಇರುವುದೇ ಇಲ್ಲಿ.

ಹೆಸರೊಂದು, ಶಸ್ತ್ರಚಿಕಿತ್ಸೆ ಮೂರು

ಮೆಶ್ ಎಂದರೆ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಎಳೆಗಳಿಂದ ಹೆಣೆದ ಬಲೆ. ಹರ್ನಿಯಾ ಶಸ್ತ್ರಚಿಕಿತ್ಸೆಯಲ್ಲಿ ಬಳಕೆಯಲ್ಲಿದ್ದ ಇದನ್ನು ಸ್ತ್ರೀರೋಗ ತಜ್ಞರು ಎರವಲು ಪಡೆದರು. ಸೊಂಟದ ಮೂಳೆಗಳ ನಡುವಿನ ಭಾಗವಾದ ಶ್ರೋಣಿಕುಹರದಲ್ಲಿ ಇದನ್ನು ಮುಖ್ಯವಾಗಿ ಮೂರು ರೀತಿಯಲ್ಲಿ ಬಳಸಲಾಗಿದೆ.

ಮೊದಲನೆಯದು, ಮೂತ್ರ ಸೋರುವಿಕೆಗೆ. ಮೂತ್ರ ಹೊರಬರುವ ನಾಳದ ಕೆಳಗೆ ಒಂದು ಸೆಂಟಿಮೀಟರ್ ಆಸುಪಾಸು ಅಗಲದ ಪಟ್ಟಿಯನ್ನು ತೊಟ್ಟಿಲಿನಂತೆ ಕೂರಿಸಲಾಗುತ್ತದೆ. ಇದಕ್ಕೆ ಸ್ಲಿಂಗ್ ಎಂದು ಹೆಸರು. ಟೇಪ್ ಎಂದೂ ಕರೆಯುತ್ತಾರೆ. ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಅವರ ಸಹೋದ್ಯೋಗಿಗಳು 1996ರಲ್ಲಿ ಪ್ರಕಟಿಸಿದ ವಿಧಾನ ಜಗತ್ತಿನಾದ್ಯಂತ ಹರಡಿತು. ಎರಡನೆಯದು, ಜಾರಿದ ಅಂಗಗಳಿಗೆ ಆಸರೆಯಾಗಿ ಯೋನಿಯ ಮೂಲಕವೇ ದೊಡ್ಡ ಮೆಶ್ ಹಾಳೆಯನ್ನು ಅಳವಡಿಸುವುದು. ಮೂರನೆಯದರಲ್ಲಿಯೂ ಗುರಿ ಜಾರಿದ ಅಂಗವನ್ನು ಮೇಲೆತ್ತಿ ನಿಲ್ಲಿಸುವುದೇ. ಆದರೆ ಮೆಶ್ಶನ್ನು ಹೊಟ್ಟೆಯ ಕಡೆಯಿಂದ, ಈಚೆಗೆ ಹೆಚ್ಚಾಗಿ ಲ್ಯಾಪರೋಸ್ಕೋಪಿಯಿಂದ, ಬೆನ್ನುಮೂಳೆಯ ಕೆಳಭಾಗದ ಮೂಳೆಗೆ ಕಟ್ಟಲಾಗುತ್ತದೆ.

ಮೂರರಲ್ಲಿಯೂ ಬಳಸುವ ವಸ್ತು ಒಂದೇ ಜಾತಿಯದು. ಅದರ ಪ್ರಮಾಣ, ಅದು ಒಳಹೋಗುವ ದಾರಿ, ಅಪಾಯ ಮತ್ತು ಫಲಿತಾಂಶ ಒಂದೇ ಅಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, 2019ರ ಏಪ್ರಿಲ್ 16ರಂದು ಮಾರಾಟ ನಿಲ್ಲಿಸಲು ಆದೇಶಿಸಿದ್ದು ಎರಡನೆಯ ಬಗೆಯ ಮೆಶ್ ಅನ್ನು ಮಾತ್ರ. ಸ್ಲಿಂಗ್ ಆಗಲಿ, ಹೊಟ್ಟೆಯ ಮೂಲಕ ಹಾಕುವ ಮೆಶ್ ಆಗಲಿ ಆ ಆದೇಶದ ವ್ಯಾಪ್ತಿಗೆ ಬರಲಿಲ್ಲ. ‘ಅಮೆರಿಕ ಮೆಶ್ ನಿಷೇಧಿಸಿದೆ’ ಎಂಬ ಒಂದು ಸಾಲನ್ನು ಓದಿ ಸ್ಲಿಂಗ್‌ಗೆ ಹೆದರುವ ಮಹಿಳೆಯೂ, ಸ್ಲಿಂಗ್‌ನ ಒಳ್ಳೆಯ ಅಂಕಿಅಂಶ ಓದಿ ಯೋನಿ ಮೂಲಕದ ಮೆಶ್‌ಗೆ ಒಪ್ಪುವ ಮಹಿಳೆಯೂ ದಾರಿ ತಪ್ಪಿದವರೇ.

ಇನ್ನೂ ಒಂದು ತೊಡಕಿದೆ. ಬ್ರಿಟನ್ನಿನಲ್ಲಿ ತೊಂದರೆಗೊಳಗಾದ ಅನೇಕ ಮಹಿಳೆಯರು ತಮಗೆ ವೈದ್ಯರು ಹೇಳಿದ್ದು ‘ಟೇಪ್’ ಎಂದು ಮಾತ್ರ, ಅದು ಪ್ಲಾಸ್ಟಿಕ್ ಮೆಶ್ ಎಂಬುದು ವರ್ಷಗಳ ನಂತರ ತಿಳಿಯಿತು ಎಂದು ದೂರಿದ್ದರು. ಪದವೇ ತಿಳಿಯದವರು ಹುಡುಕುವುದಾದರೂ ಏನನ್ನು?

ದಿನಾಂಕವಿಲ್ಲದ ಪುಟಗಳು

ಈ ವಿಷಯದಲ್ಲಿ ಒಂದು ಪುಟವನ್ನು ಬರೆದ ವರ್ಷ ಅದರಲ್ಲಿರುವ ಮಾಹಿತಿಯಷ್ಟೇ ಮುಖ್ಯ. ಎಫ್‌ಡಿಎ 2008ರ ಅಕ್ಟೋಬರ್‌ನಲ್ಲಿ ಮೊದಲ ಎಚ್ಚರಿಕೆ ನೀಡಿದಾಗ ಅದರ ಬಳಿ ಮೂರು ವರ್ಷಗಳಲ್ಲಿ ಬಂದ ಸಾವಿರಕ್ಕೂ ಹೆಚ್ಚು ದೂರುಗಳಿದ್ದವು. ಆಗ ತೊಡಕುಗಳು ‘ಅಪರೂಪ’ ಎಂದೇ ಅದು ಹೇಳಿತ್ತು. 2011ರ ಜುಲೈನಲ್ಲಿ, ಇನ್ನೂ 2,874 ದೂರುಗಳು ಬಂದ ಮೇಲೆ, ಜಾರುವಿಕೆಗೆ ಯೋನಿ ಮೂಲಕ ಹಾಕುವ ಮೆಶ್‌ನ ಗಂಭೀರ ತೊಡಕುಗಳು ಅಪರೂಪವಲ್ಲ ಎಂದು ಮಾತು ಬದಲಿಸಿತು. 2016ರಲ್ಲಿ ಆ ಮೆಶ್ ಅನ್ನು ಅತಿ ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮಾರಾಟವೇ ನಿಂತಿತು.

2009ರಲ್ಲಿ ಬರೆದು ಮರೆತ ಆಸ್ಪತ್ರೆಯ ಪುಟವೊಂದು ಅಂದಿಗೆ ಸುಳ್ಳು ಹೇಳಿರಲಾರದು. ಇಂದಿಗೆ ಅದು ಸುಳ್ಳು. ಕೆಳಗೆ ದಿನಾಂಕವಿಲ್ಲದಿದ್ದರೆ ಓದುಗರಿಗೆ ಅದು ಗೊತ್ತಾಗುವ ಬಗೆಯಿಲ್ಲ. ಪ್ರಶ್ನೆ ಕೇಳಿದೊಡನೆ ನಾಲ್ಕಾರು ಪುಟಗಳ ಸಾರವನ್ನು ಹೆಣೆದು ಕೊಡುವ ಇಂದಿನ ಕೃತಕ ಬುದ್ಧಿಮತ್ತೆಯ ಉತ್ತರಗಳಲ್ಲಿ ಈ ಅಪಾಯ ಇನ್ನೊಂದು ಹೆಜ್ಜೆ ಮುಂದೆ ಹೋಗಬಲ್ಲದು. ಹಳೆಯ ಪುಟದ ಧೈರ್ಯವೂ ಹೊಸ ಪುಟದ ಎಚ್ಚರಿಕೆಯೂ ಒಂದೇ ವಾಕ್ಯದಲ್ಲಿ ಬೆರೆತುಹೋದರೆ ಯಾವುದು ಯಾವ ವರ್ಷದ್ದೆಂದು ಬೇರ್ಪಡಿಸುವುದು ಕಷ್ಟ.

ದೇಶದಿಂದ ದೇಶಕ್ಕೂ ನಿಲುವು ಬೇರೆ. ಆಸ್ಟ್ರೇಲಿಯಾ 2017ರ ನವೆಂಬರ್‌ನಲ್ಲಿ, ಜಾರುವಿಕೆಗೆ ಯೋನಿ ಮೂಲಕ ಮಾತ್ರ ಹಾಕುವ ಮೆಶ್‌ಗಳನ್ನು ಅನುಮೋದಿತ ಪಟ್ಟಿಯಿಂದ ತೆಗೆದುಹಾಕಲು ನಿರ್ಧರಿಸಿತು. ಇಂಗ್ಲೆಂಡ್ ಇನ್ನೂ ಮುಂದೆ ಹೋಗಿ 2018ರ ಜುಲೈನಲ್ಲಿ ಮೂತ್ರ ಸೋರುವಿಕೆಯ ಸ್ಲಿಂಗ್ ಬಳಕೆಗೂ ತಡೆ ಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡ್ ಯೋನಿ ಮೂಲಕದ ಮೆಶ್ ಬಳಕೆಯನ್ನು ನಿಲ್ಲಿಸಿತು. ನ್ಯೂಜಿಲೆಂಡ್ 2023ರಲ್ಲಿ ಸ್ಲಿಂಗ್‌ಗೆ ತಡೆ ನೀಡಿತು. ಅಮೆರಿಕದ ಪುಟ ಸ್ಲಿಂಗ್ ಅನ್ನು ಹೊಗಳಿದರೆ ಇಂಗ್ಲೆಂಡಿನ ಪುಟ ‘ಸದ್ಯಕ್ಕಿಲ್ಲ’ ಎನ್ನುವುದಕ್ಕೆ ಕಾರಣ ಇದೇ ವಿನಾ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದಲ್ಲ.

ಶೇ 3.3 ಅಥವಾ ಶೇ 9.8?

ಅಂಕಿಅಂಶ ಕೊಟ್ಟ ಪುಟ ವಿಶ್ವಾಸಾರ್ಹ ಎಂಬ ಭಾವನೆ ಸಹಜ. ಆದರೆ ಎಣಿಸಿದ್ದು ಏನನ್ನು ಎಂದು ತಿಳಿಯದಿದ್ದರೆ ಅಂಕಿಯೂ ವಂಚಿಸಬಲ್ಲದು.

ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ ಎರಡು ದೊಡ್ಡ ಅಧ್ಯಯನಗಳು ನಡೆದಿವೆ. ಮೊದಲ ಬಾರಿಗೆ ಸ್ಲಿಂಗ್ ಹಾಕಿಸಿಕೊಂಡ 92,246 ಮಹಿಳೆಯರ ದಾಖಲೆ ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನ, ಐದು ವರ್ಷಗಳೊಳಗೆ ತೊಡಕು ಕಂಡವರು ಶೇ 9.8 ಎಂದಿತು. 95,057 ಮಹಿಳೆಯರ ದಾಖಲೆಯ ಮೇಲೆ 2018ರಲ್ಲಿ ಬಂದ ಇನ್ನೊಂದು ಅಧ್ಯಯನ, ಒಂಬತ್ತು ವರ್ಷಗಳಲ್ಲಿ ಸ್ಲಿಂಗ್ ಅನ್ನು ಪೂರ್ಣವಾಗಿಯೋ ಭಾಗಶಃವೋ ತೆಗೆಸಿಕೊಂಡವರು ಶೇ 3.3 ಎಂದಿತು. ದೇಶ ಒಂದೇ, ಹೆಚ್ಚುಕಡಿಮೆ ಕಾಲವೂ ಒಂದೇ. ಒಂದು ಅಧ್ಯಯನ ತೊಡಕುಗಳನ್ನು ಎಣಿಸಿತು, ಇನ್ನೊಂದು ತೆಗೆದುಹಾಕುವಿಕೆಯನ್ನು ಎಣಿಸಿತು. ಧೈರ್ಯ ಹೇಳಬಯಸುವ ಪುಟ ಶೇ 3.3 ಅನ್ನೂ, ಎಚ್ಚರಿಸಬಯಸುವ ಪುಟ ಶೇ 9.8 ಅನ್ನೂ ಆರಿಸಿಕೊಂಡರೆ ಎರಡೂ ಸತ್ಯವನ್ನೇ ಹೇಳಿದಂತಾಯಿತು. ನೋವಿದ್ದರೂ ಆಸ್ಪತ್ರೆಗೆ ಮರಳದೆ ಸಹಿಸಿಕೊಂಡವರು ಇಂಥ ದಾಖಲೆಗಳಲ್ಲಿ ಸಿಗುವುದೇ ಇಲ್ಲ ಎಂಬುದು ಎರಡಕ್ಕೂ ಅನ್ವಯಿಸುವ ಮಾತು.

ಜಾರುವಿಕೆಯ ಮೆಶ್ ಕುರಿತೂ ಹೀಗೆಯೇ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2016ರ ಪರಾಮರ್ಶೆ ಹೀಗೆ ಲೆಕ್ಕ ಹಾಕಿತ್ತು: ದೇಹದ ಸ್ವಂತ ಅಂಗಾಂಶಗಳನ್ನೇ ಹೊಲಿದು ಸರಿಪಡಿಸಿದ 100 ಮಂದಿಯಲ್ಲಿ 19 ಮಂದಿಗೆ ಜಾರಿದ ಅನುಭವ ಉಳಿದರೆ, ಮೆಶ್ ಬಳಸಿದವರಲ್ಲಿ ಅದು 10ರಿಂದ 15 ಮಂದಿಗೆ. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಮೆಶ್ ಗೆದ್ದಂತೆ. ಆದರೆ ಅದೇ ಪರಾಮರ್ಶೆಯ ಪ್ರಕಾರ ಮೆಶ್ ಹಾಕಿದವರಲ್ಲಿ ಶೇ 12ರಷ್ಟು ಮಂದಿಗೆ ಅದು ಯೋನಿಯ ಒಳಪದರವನ್ನು ಹಾಯ್ದು ಹೊರಗೆ ಕಾಣಿಸಿಕೊಂಡಿತು. ಶೇ 8ರಷ್ಟು ಮಂದಿಗೆ ಅದಕ್ಕಾಗಿಯೇ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಯಿತು. ಸಾಮಾನ್ಯ ಬಳಕೆಗೆ ಇದರಲ್ಲಿ ಹೆಚ್ಚಿನ ಪ್ರಯೋಜನವಿಲ್ಲ ಎಂಬ ತೀರ್ಮಾನಕ್ಕೆ ಪರಾಮರ್ಶಕರು ಬಂದರು.

ಮರಳಿ ತೆಗೆಯುವುದರ ಬಗ್ಗೆ ಪುಟಗಳು ಇನ್ನಷ್ಟು ಮೌನ. ಮೆಶ್‌ನ ರಂಧ್ರಗಳೊಳಗೆ ಅಂಗಾಂಶ ಬೆಳೆದು ಹಿಡಿದುಕೊಳ್ಳಬೇಕು ಎಂಬುದೇ ಅದರ ವಿನ್ಯಾಸ. ಹಾಗಾಗಿ ತೊಂದರೆಯಾದರೆ ಅದನ್ನು ಹೊಲಿಗೆ ಬಿಚ್ಚಿದಂತೆ ತೆಗೆಯಲಾಗದು. ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆ ಬೇಕಾಗುತ್ತದೆ; ಪೂರ್ಣವಾಗಿ ತೆಗೆದರೂ ನೋವು ಹೋಗುವ ಖಾತರಿಯಿಲ್ಲ. ಖಾಸಗಿಯಾಗಿ ಹಣ ತೆತ್ತು ಮೆಶ್ ತೆಗೆಸಿಕೊಂಡ ಮಹಿಳೆಯರಿಗೆ ಆ ವೆಚ್ಚವನ್ನು ಮರಳಿಸಲೆಂದೇ ಸ್ಕಾಟ್ಲೆಂಡಿನ ಸಂಸತ್ತು 2022ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು ಎಂಬುದರಿಂದ ಸಮಸ್ಯೆಯ ಆಳ ಊಹಿಸಬಹುದು. ‘ಬೇಡವೆನಿಸಿದರೆ ತೆಗೆಯಬಹುದೇ?’ ಎಂಬುದು ಯಾರೇ ಆದರೂ ಮೊದಲು ಕೇಳುವ ಪ್ರಶ್ನೆ. ಅದಕ್ಕೆ ಉತ್ತರವಿಲ್ಲದ ಮಾಹಿತಿಪತ್ರ ಅಪೂರ್ಣವೇ ಸರಿ.

ಬರೆದವರು ಯಾರು?

ತಯಾರಿಕಾ ಕಂಪೆನಿಗಳು ಕೊಟ್ಟ ಮಾಹಿತಿ ನ್ಯಾಯಾಲಯಗಳ ಪರೀಕ್ಷೆಗೆ ಒಳಗಾಗಿದೆ. ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿ ಅನ್ನಾ ಕಾಟ್ಸ್‌ಮನ್ 2019ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ, ಜಾನ್ಸನ್ ಅಂಡ್ ಜಾನ್ಸನ್ ಸಮೂಹದ ಕಂಪೆನಿಗಳು ಅಪಾಯಗಳ ಬಗ್ಗೆ ಸಾಕಷ್ಟು ಎಚ್ಚರಿಸದೆ ನಿರ್ಲಕ್ಷ್ಯ ತೋರಿವೆ, ದಾರಿ ತಪ್ಪಿಸುವಂತೆ ನಡೆದುಕೊಂಡಿವೆ ಎಂದು ತೀರ್ಮಾನಿಸಿದರು. ಮೇಲ್ಮನವಿ 2021ರಲ್ಲಿ ವಜಾ ಆಯಿತು. 2022ರಲ್ಲಿ 30 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ಪರಿಹಾರಕ್ಕೆ ಒಪ್ಪಂದವಾಯಿತು. ಕ್ಯಾಲಿಫೋರ್ನಿಯಾ ರಾಜ್ಯ ಹೂಡಿದ ಮೊಕದ್ದಮೆಯಲ್ಲಿ 2020ರ ಜನವರಿಯಲ್ಲಿ ಇದೇ ಕಂಪೆನಿಗೆ ಸುಮಾರು 34.4 ಕೋಟಿ ಡಾಲರ್ ದಂಡ ಬಿತ್ತು. ವೈದ್ಯರಿಗೂ ಮಹಿಳೆಯರಿಗೂ ಅಪಾಯಗಳನ್ನು ಮರೆಮಾಚಿ ಪ್ರಚಾರ ಮಾಡಿದ್ದೇ ಅದಕ್ಕೆ ಕಾರಣ. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ದಂಡವನ್ನು ಸುಮಾರು 30.2 ಕೋಟಿಗೆ ಇಳಿಸಿತಾದರೂ ತೀರ್ಪಿನ ತಿರುಳು ಉಳಿಯಿತು. ವೈದ್ಯರಿಗೇ ಅರೆ ಮಾಹಿತಿ ತಲುಪಿದ್ದರೆ ಅವರ ಆಸ್ಪತ್ರೆಯ ಜಾಲತಾಣ ಪೂರ್ಣ ಮಾಹಿತಿ ಕೊಡಲು ಹೇಗೆ ಸಾಧ್ಯ?

ಹಾಗೆಂದು ಕಂಪೆನಿಯ ವಿರುದ್ಧ ಬರೆದವರೆಲ್ಲ ರೋಗಿಯ ಪರವೂ ಅಲ್ಲ. ಅಮೆರಿಕದಲ್ಲಿ ಮೆಶ್ ತಯಾರಕರ ವಿರುದ್ಧ ಒಂದು ಲಕ್ಷಕ್ಕೂ ಹೆಚ್ಚು ಮೊಕದ್ದಮೆಗಳು ದಾಖಲಾದವು. ಅವು ವಕೀಲರ ಸಂಸ್ಥೆಗಳಿಗೆ ದೊಡ್ಡ ವ್ಯವಹಾರವೂ ಆದವು. ಕಕ್ಷಿದಾರರನ್ನು ಸೆಳೆಯುವ ಪುಟಗಳು ವೈದ್ಯಕೀಯ ಮಾಹಿತಿಯ ವೇಷದಲ್ಲಿ ಶೋಧಯಂತ್ರಗಳಲ್ಲಿ ಕಾಣಿಸಿಕೊಂಡವು. ಮೊಕದ್ದಮೆಯ ಮೌಲ್ಯ ಹೆಚ್ಚಿಸಲು ಮಹಿಳೆಯರನ್ನು ದೂರವಾಣಿಯಲ್ಲಿ ಸಂಪರ್ಕಿಸಿ, ಅಗತ್ಯವಿಲ್ಲದಿದ್ದರೂ ಮೆಶ್ ತೆಗೆಸಿಕೊಳ್ಳುವಂತೆ ಪುಸಲಾಯಿಸಿದ ದಂಧೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2018ರ ಏಪ್ರಿಲ್‌ನಲ್ಲಿ ಬಯಲಿಗೆಳೆಯಿತು. ಹಾಕಿಸಲು ಒಬ್ಬರು, ತೆಗೆಸಲು ಇನ್ನೊಬ್ಬರು. ನಡುವೆ ಸಿಲುಕಿದ್ದು ಮಾತ್ರ ಅದೇ ಮಹಿಳೆ.

ಅಳೆಯುವ ಕೋಲುಗಳು

ಆರೋಗ್ಯ ಮಾಹಿತಿಯ ಗುಣಮಟ್ಟ ಅಳೆಯಲು ಸಂಶೋಧಕರು ಕೆಲವು ಮಾಪನಗಳನ್ನು ರೂಪಿಸಿದ್ದಾರೆ. ಬ್ರಿಟನ್ನಿನಲ್ಲಿ 1990ರ ದಶಕದ ಕೊನೆಯಲ್ಲಿ ಸಿದ್ಧವಾದ ‘ಡಿಸರ್ನ್’ ಅವುಗಳಲ್ಲಿ ಪ್ರಮುಖ. ಇದರಲ್ಲಿ 16 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಮಾಹಿತಿಯ ಮೂಲ ತಿಳಿಸಿದೆಯೇ, ಯಾವಾಗಿನದೆಂದು ಹೇಳಿದೆಯೇ, ತಜ್ಞರಿಗೇ ಖಚಿತವಿಲ್ಲದ ಸಂಗತಿಗಳನ್ನು ಒಪ್ಪಿಕೊಂಡಿದೆಯೇ, ಪ್ರತಿ ಚಿಕಿತ್ಸೆಯ ಅಪಾಯ ವಿವರಿಸಿದೆಯೇ, ಚಿಕಿತ್ಸೆಯನ್ನೇ ಪಡೆಯದಿದ್ದರೆ ಏನಾಗುತ್ತದೆಂದು ಹೇಳಿದೆಯೇ, ಬೇರೆ ಆಯ್ಕೆಗಳಿವೆಯೆಂದು ಸ್ಪಷ್ಟಪಡಿಸಿದೆಯೇ ಮುಂತಾಗಿ ಅದು ಕೇಳುತ್ತದೆ. ವೈದ್ಯಕೀಯ ಪದವಿ ಇಲ್ಲದವರೂ ಈ ಪ್ರಶ್ನೆಗಳನ್ನು ಕೇಳಬಹುದು ಎಂಬುದೇ ಇದರ ಹೆಚ್ಚುಗಾರಿಕೆ.

ಮಿತಿಯೂ ಇದೆ, ಸಣ್ಣದೇನಲ್ಲ. ಮಾಹಿತಿ ನಿಜವೇ ಎಂದು ಡಿಸರ್ನ್ ಪರೀಕ್ಷಿಸುವುದಿಲ್ಲ. ಅದನ್ನು ಎಷ್ಟು ಪ್ರಾಮಾಣಿಕ ಕ್ರಮದಲ್ಲಿ ಮಂಡಿಸಲಾಗಿದೆ ಎಂದಷ್ಟೇ ನೋಡುತ್ತದೆ. ಅಚ್ಚುಕಟ್ಟಾಗಿ ಮೂಲ ನಮೂದಿಸಿ ತಪ್ಪು ಅಂಕಿ ಕೊಟ್ಟ ಪುಟವೂ ಒಳ್ಳೆಯ ಅಂಕ ಗಳಿಸಬಹುದು. ಜಿನೀವಾದ ಹೆಲ್ತ್ ಆನ್ ದಿ ನೆಟ್ ಪ್ರತಿಷ್ಠಾನ ವಿಶ್ವಾಸಾರ್ಹ ಆರೋಗ್ಯ ತಾಣಗಳಿಗೆ ‘ಹಾನ್‌ಕೋಡ್’ ಎಂಬ ಮುದ್ರೆ ನೀಡುತ್ತಿತ್ತು. 1996ರಲ್ಲಿ ಆರಂಭವಾದ ಆ ವ್ಯವಸ್ಥೆ 2022ರ ಕೊನೆಯಲ್ಲಿ ನಿಂತುಹೋಯಿತು. ಹಳೆಯ ಪುಟವೊಂದರ ಮೂಲೆಯಲ್ಲಿ ಆ ಮುದ್ರೆ ಈಗಲೂ ಕಂಡರೆ ಅದಕ್ಕೆ ಅರ್ಥವಿಲ್ಲ.

ಓದಲು ಎಷ್ಟು ಸುಲಭ ಎಂಬುದು ಮತ್ತೊಂದು ಅಳತೆ. ರೋಗಿಗಳಿಗೆ ಬರೆಯುವುದು ಆರನೆಯ ತರಗತಿಯ ಮಟ್ಟದ ಭಾಷೆಯಲ್ಲಿರಲಿ ಎಂಬುದು ಅಮೆರಿಕನ್ ವೈದ್ಯಕೀಯ ಸಂಘದ ಸಲಹೆ. ವಾಕ್ಯದ ಉದ್ದ, ಪದದ ಉದ್ದಗಳನ್ನು ಎಣಿಸುವ ಈ ಸೂತ್ರಗಳು ಇಂಗ್ಲಿಷಿಗಾಗಿ ಹುಟ್ಟಿದವು. ‘ಶಸ್ತ್ರಚಿಕಿತ್ಸೆಗೊಳಗಾದವರಲ್ಲಿಯೂ’ ಎಂದು ಒಂದೇ ಪದದಲ್ಲಿ ಹೇಳಿಬಿಡುವ ಕನ್ನಡವನ್ನು ಅವುಗಳ ಕೈಗಿತ್ತರೆ ಬಾಲವಾಡಿಯ ಪದ್ಯವೂ ಸ್ನಾತಕೋತ್ತರ ಮಟ್ಟದ್ದೆಂದು ತೋರೀತು!

ಎಣಿಸದ್ದನ್ನು ಹೇಳುವುದೆಂತು?

ಎಲ್ಲ ತಪ್ಪನ್ನೂ ಜಾಲತಾಣಗಳ ತಲೆಗೆ ಕಟ್ಟುವಂತಿಲ್ಲ. ಬ್ಯಾರೊನೆಸ್ ಜೂಲಿಯಾ ಕಂಬರ್ಲೆಜ್ ನೇತೃತ್ವದ ಸಮಿತಿ 2020ರ ಜುಲೈ 8ರಂದು ಪ್ರಕಟಿಸಿದ ವರದಿ ಇದಕ್ಕಿಂತ ಮೂಲಭೂತವಾದ ಲೋಪವನ್ನು ತೋರಿಸಿಕೊಟ್ಟಿತು. ಇಂಗ್ಲೆಂಡಿನಲ್ಲಿ ಎಷ್ಟು ಮಹಿಳೆಯರಿಗೆ ಮೆಶ್ ಹಾಕಲಾಗಿದೆ, ಅವರಲ್ಲಿ ಎಷ್ಟು ಮಂದಿಗೆ ತೊಂದರೆಯಾಗಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಾಕಿದ ಸಾಧನಗಳ ಕೇಂದ್ರೀಯ ದಾಖಲಾತಿಯೇ ಇರಲಿಲ್ಲ. ನೋವು ಹೇಳಿಕೊಂಡು ಬಂದ ಮಹಿಳೆಯರಿಗೆ ‘ಇದೆಲ್ಲ ನಿಮ್ಮ ಮನಸ್ಸಿನ ಭ್ರಮೆ’, ‘ವಯಸ್ಸಿನ ತೊಂದರೆ’ ಎಂಬಂಥ ಉತ್ತರ ಸಿಕ್ಕಿತ್ತೆಂಬುದನ್ನು ಸಮಿತಿ ವಿವರವಾಗಿ ದಾಖಲಿಸಿತು. ದೂರನ್ನೇ ಬರೆದುಕೊಳ್ಳದಿದ್ದರೆ ಅದು ಅಂಕಿಯಾಗದು. ಅಂಕಿಯಾಗದ್ದು ಮಾಹಿತಿಪತ್ರಕ್ಕೆ ಬಾರದು. ‘ತೊಡಕು ಅಪರೂಪ’ ಎಂಬ ಸಾಲು ಅಷ್ಟು ವರ್ಷ ಬಾಳಿದ್ದು ಹೀಗೆ.

ಸಾಧನಗಳಿಗೆ ಅನುಮತಿ ನೀಡುವ ಪದ್ಧತಿಯದೂ ಇದೇ ಕಥೆ. ಅಮೆರಿಕದಲ್ಲಿ ಹಳೆಯ ಸಾಧನವೊಂದಕ್ಕೆ ಸರಿಸಮ ಎಂದು ತೋರಿಸಿದರೆ ಹೊಸ ಪ್ರಯೋಗವಿಲ್ಲದೆಯೂ ಮಾರುಕಟ್ಟೆಗೆ ಬರಬಹುದಾಗಿತ್ತು. 1998ರಲ್ಲಿ ಅನುಮತಿ ಪಡೆದ ಪ್ರಸಿದ್ಧ ಸ್ಲಿಂಗ್‌ಗೆ ಹೋಲಿಕೆಯಾಗಿ ತೋರಿಸಿದ್ದು 1996ರ ‘ಪ್ರೊಟೆಜೆನ್’ ಎಂಬ ಸಾಧನವನ್ನು. ತೊಂದರೆಗಳ ಕಾರಣ 1999ರಲ್ಲಿ ಆ ಪ್ರೊಟೆಜೆನ್ ಅನ್ನೇ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಅದರ ಹೆಸರು ಹೇಳಿಕೊಂಡು ಒಳಬಂದದ್ದು ಮಾತ್ರ ಉಳಿಯಿತು. ‘ಎಫ್‌ಡಿಎ ಅನುಮತಿ ಪಡೆದಿದೆ’ ಎಂದು ಪುಟವೊಂದು ಹೆಮ್ಮೆಯಿಂದ ಹೇಳಿದಾಗ ಅದರ ಹಿಂದೆ ಎಷ್ಟು ಪರೀಕ್ಷೆ ನಡೆದಿದೆ ಎಂಬುದು ಬೇರೆಯೇ ಪ್ರಶ್ನೆ.

ಇಲ್ಲಿನ ಮಹಿಳೆಯರಿಗೆ

ಕನ್ನಡದಲ್ಲಿ ಹುಡುಕುವವರಿಗೆ ಮೊದಲ ಅಡ್ಡಿಯೇ ಪದ. ಬಲೆ, ಜಾಲರಿ, ಮೆಶ್ - ಯಾವುದೂ ನೆಲೆನಿಂತಿಲ್ಲ. ‘ಗರ್ಭಕೋಶ ಜಾರುವುದು’ ಎಂಬುದು ಮನೆಮಾತಾದರೂ ಜಾರಿದ್ದು ಮೂತ್ರಕೋಶವೇ ಆಗಿರಬಹುದು. ಇಂಗ್ಲಿಷ್ ಪುಟವನ್ನು ಯಂತ್ರಾನುವಾದಕ್ಕೆ ಒಪ್ಪಿಸಿದರೆ ಮೂರು ಶಸ್ತ್ರಚಿಕಿತ್ಸೆಗಳ ನಡುವಿನ ಗೆರೆ ಇನ್ನಷ್ಟು ಮಸುಕಾಗುವ ಸಂಭವವಿದೆ.

ಆದರೆ ಏನನ್ನು ತಿಳಿಸಬೇಕು ಎಂಬ ಬಗ್ಗೆ ಭಾರತದ ಕಾನೂನು ಅಸ್ಪಷ್ಟವಾಗಿಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಪ್ರಕರಣವೊಂದರಲ್ಲಿ, ಕೇವಲ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಗಿತ್ತು. ಆ ಒಪ್ಪಿಗೆ ಸಲ್ಲದು ಎಂದ ನ್ಯಾಯಾಲಯ, ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಬದಲಿ ಮಾರ್ಗಗಳು, ಗಣನೀಯ ಅಪಾಯಗಳು ಮತ್ತು ಚಿಕಿತ್ಸೆ ನಿರಾಕರಿಸಿದರೆ ಆಗುವ ಪರಿಣಾಮ - ಇಷ್ಟನ್ನೂ ರೋಗಿಗೆ ತಿಳಿಸಬೇಕೆಂದು ವಿಧಿಸಿತು. ಡಿಸರ್ನ್ ಪ್ರಶ್ನೆಗಳಿಗೂ ಈ ಪಟ್ಟಿಗೂ ಇರುವ ಹೋಲಿಕೆ ಕಾಕತಾಳೀಯವಲ್ಲ. ನಿರ್ಧಾರ ಕೈಗೊಳ್ಳಲು ಯಾರಿಗಾದರೂ ಬೇಕಾಗುವುದು ಇಷ್ಟೇ. ಜಾಲತಾಣದಲ್ಲಿ ಸಿಗದಿದ್ದನ್ನು ವೈದ್ಯರ ಬಾಯಿಂದ ಕೇಳಿ ತಿಳಿಯುವುದು ರೋಗಿಯ ಹಕ್ಕು.

ಬದಲಿ ಮಾರ್ಗಗಳೂ ಇವೆ. ಕೆಮ್ಮಿದಾಗ ಮೂತ್ರ ಸೋರುವ ತೊಂದರೆಗೆ ಮೊದಲು ಕನಿಷ್ಠ ಮೂರು ತಿಂಗಳು ತಜ್ಞರ ಮೇಲ್ವಿಚಾರಣೆಯಲ್ಲಿ ಶ್ರೋಣಿ ಸ್ನಾಯುಗಳ ವ್ಯಾಯಾಮ ಮಾಡಿಸಬೇಕು ಎಂಬುದು ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ‘ನೈಸ್’ 2019ರಲ್ಲಿ ಪ್ರಕಟಿಸಿದ ಸೂಚಿಯಲ್ಲಿದೆ. ಜಾರುವಿಕೆಗೆ ಯೋನಿಯೊಳಗೆ ಇಟ್ಟುಕೊಳ್ಳುವ ಪೆಸ್ಸರಿ ಎಂಬ ಉಂಗುರವಿದೆ. ಶಸ್ತ್ರಚಿಕಿತ್ಸೆಯೇ ಬೇಕೆಂದರೂ ಮೆಶ್ ಇಲ್ಲದ ವಿಧಾನಗಳಿವೆ. ರೋಗಿಯ ಹೊಟ್ಟೆಯ ಗೋಡೆಯಿಂದಲೇ ಅಂಗಾಂಶದ ಪಟ್ಟಿ ತೆಗೆದು ಸ್ಲಿಂಗ್ ಮಾಡುವುದು ಅವುಗಳಲ್ಲೊಂದು. ಚೇತರಿಕೆ ನಿಧಾನ, ಅದಕ್ಕೂ ತನ್ನದೇ ತೊಡಕುಗಳಿವೆ. ಒಂದೇ ಆಯ್ಕೆ ತೋರಿಸುವ ಪುಟ, ಅದು ಯಾರದೇ ಇರಲಿ, ಮಾಹಿತಿಗಿಂತ ಜಾಹೀರಾತಿಗೆ ಹತ್ತಿರ.

ಮೆಶ್ ಹಾಕಿಸಿಕೊಳ್ಳಲು ಒಪ್ಪಿದವರು ಕೇಳಿ ಪಡೆಯಬೇಕಾದ ಇನ್ನೊಂದು ವಸ್ತುವಿದೆ. ಅಳವಡಿಸುವ ಸಾಧನದ ಪೆಟ್ಟಿಗೆಯಲ್ಲಿ ಕಂಪೆನಿಯ ಹೆಸರು, ಮಾದರಿ ಮತ್ತು ಬ್ಯಾಚ್ ಸಂಖ್ಯೆ ಮುದ್ರಿಸಿದ ಚೀಟಿ ಇರುತ್ತದೆ. ಅದನ್ನು ಆಸ್ಪತ್ರೆಯವರು ಕೇಸ್ ಶೀಟ್‌ಗೆ ಅಂಟಿಸಿಕೊಳ್ಳುತ್ತಾರೆ. ಭಾರತದಲ್ಲಿ ವೈದ್ಯಕೀಯ ಸಾಧನಗಳ ದುಷ್ಪರಿಣಾಮ ದಾಖಲಿಸುವ ಕಾರ್ಯಕ್ರಮ 2015ರ ಜುಲೈನಲ್ಲಿ ಆರಂಭವಾಗಿದ್ದು, ಗಾಜಿಯಾಬಾದ್‌ನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನಿರ್ವಹಿಸುತ್ತಿದೆ. ಅದರ ವರದಿ ನಮೂನೆಯಲ್ಲಿ ಕೇಳುವುದು ಇವೇ ವಿವರಗಳನ್ನು. ಬಿಡುಗಡೆ ಪತ್ರದೊಡನೆ ಆ ಚೀಟಿಯ ಒಂದು ಜೆರಾಕ್ಸ್ ಪ್ರತಿಯನ್ನು ಕೇಳಿದರೆ ಕೊಡಲು ಆಸ್ಪತ್ರೆಗೆ ಎರಡು ನಿಮಿಷ ಸಾಕು.